ಮದುವೆ ಕಿಟ್‌ನಲ್ಲಿ ಮೆಟಲ್ ಶೋ: ತುಮಕೂರಿನ ಒಂದು ಹಾಲ್, ಐದು ಕ್ಯಾಮೆರಾ, ಎರಡು ಫ್ರೇಮಿನ ಸುಳ್ಳು

ತುಮಕೂರಿನಲ್ಲಿ ಬಾಡಿಗೆಗೆ ಸಿಗುವ ವಿಡಿಯೋ ಸಾಮಾನು ಬಹುಪಾಲು ಮದುವೆಗೆ ಹೊಂದಿಸಿಟ್ಟದ್ದು. ಕ್ಯಾಮೆರಾ, ಟ್ರೈಪಾಡ್, ಗಿಂಬಲ್, ಮಿಕ್ಸಿಂಗ್ ಮಾಡುವ ಕಂಪ್ಯೂಟರ್ ಎಲ್ಲವೂ ಒಳ್ಳೆಯವೇ, ಅಭ್ಯಾಸ ಮಾತ್ರ ಬೇರೆ. ಧಾರೆ ಹೊತ್ತಿನಲ್ಲಿ ಮುಖ ಮುಖ್ಯ, ಬೆಳಕು ಒಂದೇ ಸಮ, ಯಾರೂ ಕುಣಿದಾಡುವುದಿಲ್ಲ. ಕೊನೆಗೆ ಮೇಲೊಂದು ಹಾಡು ಕೂರಿಸಿದರೆ ತುಟಿಗೂ ಸದ್ದಿಗೂ ಹೊಂದದಿದ್ದರೂ ಕೇಳುವವರಿಲ್ಲ. ಮೆಟಲ್ (ಜೋರು ಗಿಟಾರಿನ ರಾಕ್ ಸಂಗೀತ) ಶೋನಲ್ಲಿ ಮುಖ ಕೂದಲ ಹಿಂದೆ, ಬೆಳಕು ಕ್ಷಣಕ್ಕೊಂದು ಬಣ್ಣ. ಜೊತೆಗೆ, ವಿಡಿಯೋ ನೋಡುವವರಲ್ಲಿ ಅನೇಕರು ತಾವೇ ಗಿಟಾರ್ ಹಿಡಿದವರು. ಅವರ ಕಣ್ಣು ಹೋಗುವುದು ಕೈಗೆ. ತಂತಿ ಮೀಟುವ ಪಿಕ್ ಇಳಿದಾಗ ಸದ್ದು ಬರಲಿಲ್ಲವೆಂದರೆ ಮಿಕ್ಕಿದ್ದೆಲ್ಲ ಎಷ್ಟು ಚೆಂದವಿದ್ದರೂ ವಿಡಿಯೋ ಸುಳ್ಳಾಯಿತು. ಷಟರ್ (ಪ್ರತಿ ಫ್ರೇಮಿಗೆ ಬೆಳಕು ಬಿಡುವ ಹೊತ್ತು) ಆಯ್ಕೆಯಿಂದ ಹಿಡಿದು ಕಟ್ ಇಡುವ ಜಾಗದವರೆಗೆ ಇಲ್ಲಿನ ಪ್ರತಿ ನಿರ್ಧಾರವೂ ಆ ಕೈಗಾಗಿ.

ಈ ದಾಖಲೆಯಲ್ಲಿ ಇರುವುದು ಬಿ.ಎಚ್. ರಸ್ತೆ ಕಡೆಯ ಒಂದು ಸಮುದಾಯ ಭವನದಲ್ಲಿ 48 ನಿಮಿಷದ ಒಂದು ಸೆಟ್‌ಗೆ ಕಟ್ಟಿದ ಕಿಟ್, ಆಮೇಲೆ ಎಡಿಟಿಂಗ್ ಟೈಮ್‌ಲೈನ್ ಮೇಲೆ ಮಾಡಿದ ರಿಪೇರಿ. ವೇದಿಕೆ 4 ಅಡಿ ಎತ್ತರ. ವೇದಿಕೆ ಅಂಚಿನಿಂದ ಹಿಂದಿನ ಕ್ಯಾಮೆರಾಗೆ 28 ಮೀಟರ್. ಈ 28 ಮುಂದೆ ಲೆಕ್ಕಕ್ಕೆ ಬರುತ್ತದೆ.

ಸಾಮಾನು

ಎ ಕ್ಯಾಮೆರಾ: ಹಾಲ್‌ನ ಹಿಂದೆ ಮಧ್ಯದಲ್ಲಿ, 70-200 ಲೆನ್ಸ್, ಭಾರದ ಟ್ರೈಪಾಡ್, 4ಕೆ ರೆಕಾರ್ಡಿಂಗ್. ಬಿ: ಪ್ರೇಕ್ಷಕರ ಎಡಕ್ಕೆ, ವೇದಿಕೆ ಬುಡದಲ್ಲಿ, 24-70, ಕೈಯಲ್ಲಿ. ಸಿ: ಪ್ರೇಕ್ಷಕರ ಬಲಕ್ಕೆ, 50 ಎಂಎಂ, ಮೋನೋಪಾಡ್ ಮೇಲೆ. ಡಿ ಮತ್ತು ಇ ಆ್ಯಕ್ಷನ್ ಕ್ಯಾಮೆರಾಗಳು: ಒಂದು ಡ್ರಮ್ಮರ್‌ನ ಬೆನ್ನ ಹಿಂದೆ ಮೇಲೆ, ಇನ್ನೊಂದು ಡ್ರಮ್ಮರ್ ಕಾಲಿನಿಂದ ಒತ್ತುವ ಕಿಕ್ ಪೆಡಲ್ ಪಕ್ಕ ನೆಲದಲ್ಲಿ. ಸದ್ದಿಗೆ ನಾಲ್ಕು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಕೇಬಲ್) ಇನ್‌ಪುಟ್ ಇರುವ ಒಂದು ರೆಕಾರ್ಡರ್, ಎರಡು ಕಂಡೆನ್ಸರ್ ಮೈಕ್ (ಕರೆಂಟ್ ಬೇಡುವ ಸೂಕ್ಷ್ಮ ಮೈಕ್), ಎರಡು ಡಿಐ ಬಾಕ್ಸ್ (ಕೇಬಲ್ ನಡುವೆ ಹಾಕಿ ಗುಂಯ್ ಸದ್ದು ತಡೆಯುವ ಪೆಟ್ಟಿಗೆ).

ಕಾರ್ಡ್ ಲೆಕ್ಕ: ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಗಂಟೆಗೆ 45 ಜಿಬಿ, ಅಂದರೆ 48 ನಿಮಿಷಕ್ಕೆ 36. ಪ್ರತಿ ಕ್ಯಾಮೆರಾಗೆ ವಿ30 ಗುರುತಿನ 64 ಜಿಬಿ ಕಾರ್ಡ್ ಒಂದು ಸೆಟ್‌ಗೆ ಸಾಕು. ಮದುವೆಗೆ ಬಳಸುವ ಹಳೆಯ ಕ್ಯಾಮೆರಾಗಳಲ್ಲಿ ಕೆಲವು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ. ಅಂಥದ್ದು ಎ ಜಾಗಕ್ಕೆ ಬೇಡವೇ ಬೇಡ. ಬಿ ಜಾಗದಲ್ಲಾದರೆ ಪ್ರತಿ ಎರಡು ಹಾಡಿಗೊಮ್ಮೆ ನಿಲ್ಲಿಸಿ ಒತ್ತಬಹುದು. ಎ ಕ್ಯಾಮೆರಾಗೆ ಡಮ್ಮಿ ಬ್ಯಾಟರಿ ಹಾಕಿ ಅಡಾಪ್ಟರ್‌ನಿಂದ ಕರೆಂಟ್ ಕೊಟ್ಟರೆ ಮಧ್ಯೆ ಬ್ಯಾಟರಿ ಬದಲಿಸುವ ಉಸಾಬರಿ ಇರುವುದಿಲ್ಲ. ಆ ಪ್ಲಗ್ ಮಾತ್ರ ಲೈಟ್‌ನವರ ಲೈನಿನಲ್ಲಿ ಇರಬಾರದು. ಅವರ ಟ್ರಿಪ್ಪರ್ ಬಿದ್ದರೆ ನಿಮ್ಮದೂ ಬೀಳುತ್ತದೆ.

ಇನ್ನು ಸಣ್ಣಪುಟ್ಟದ್ದು: ಹಳೇ ಸೈಕಲ್ ಟ್ಯೂಬ್, ಅರ್ಧ ಇಂಚಿನ ಫೋಮ್, ಮರಳು ತುಂಬಿದ ಎರಡು ಗೋಣಿಚೀಲ, ಬಟರ್ ಪೇಪರ್, ಬಿಳಿ ಟೇಪ್. ಎಲ್ಲವೂ ಮಂಡಿಪೇಟೆ ಸುತ್ತಿದರೆ ಸಿಗುತ್ತವೆ, ಟ್ಯೂಬ್ ಪಂಕ್ಚರ್ ಅಂಗಡಿಯಲ್ಲಿ. ಆದರೆ ಸಂಜೆ ಆರಕ್ಕೆ ಡಿಐ ಬಾಕ್ಸ್ ಕೈಕೊಟ್ಟರೆ ಬೆಂಗಳೂರಿಗೆ 70 ಕಿಲೋಮೀಟರ್, ಹೋಗಿ ಬರುವಷ್ಟರಲ್ಲಿ ಶೋ ಮುಗಿದಿರುತ್ತದೆ. ಅದಕ್ಕೇ ಎರಡು.

ಬೆಳಕು, ಷಟರ್

ಎಲ್ಲ ಕ್ಯಾಮೆರಾ ಮೆನುವಿನಲ್ಲೂ ಮೊದಲು ಪಾಲ್ ಮೋಡ್ (ನಮ್ಮ ಕಡೆಯ ಟಿವಿ ಪದ್ಧತಿ), ಸೆಕೆಂಡಿಗೆ 25 ಫ್ರೇಮ್. ಒಂದೇ ಒಂದು ಕ್ಯಾಮೆರಾ 29.97ರಲ್ಲಿ ಉಳಿದರೂ ಅದರ ಚಲನೆ ಟೈಮ್‌ಲೈನಿನಲ್ಲಿ ಕುಂಟುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್. ಕರೆಂಟಿನ ಲಯಕ್ಕೆ ಮಿನುಗುವ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/50 ಷಟರ್ ಅದರಲ್ಲಿ ಎರಡು ಏರಿಳಿತವನ್ನು ಪೂರ್ತಿ ಹಿಡಿಯುತ್ತದೆ, 1/100 ಒಂದನ್ನು. 1/60 ಅಥವಾ 1/125 ಇಟ್ಟರೆ ಅರ್ಧಂಬರ್ಧ ಸಿಕ್ಕಿ ಪಟ್ಟೆ ಓಡುತ್ತದೆ. ಮೆಟಲ್‌ಗೆ 1/100 ಮೇಲು: ಪಿಕ್ಕಿಂಗ್ ಕೈ 1/50ರಲ್ಲಿ ಬರೀ ಮಬ್ಬು. ಬದಲಿಗೆ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು ಹೋಗುತ್ತದೆ, ಹೋಗಲಿ. ಎಫ್ 2.8, ಐಎಸ್‌ಒ 3200ರಲ್ಲಿ ಚಿತ್ರದ ಮೇಲೆ ಮೂಡುವ ಕಾಳುಕಾಳನ್ನು ಕಪ್ಪು ಹಿನ್ನೆಲೆ ತಾನೇ ನುಂಗುತ್ತದೆ.

ಎಲ್‌ಇಡಿ ಪಾರ್ ಲೈಟಿನ (ವೇದಿಕೆಗೆ ಬೆಳಕು ಚೆಲ್ಲುವ ಗುಂಡು ದೀಪ) ಕತೆ ಬೇರೆ. ಅದು ಮಂದವಾಗುವುದು ಕರೆಂಟ್ ಕಡಿಮೆಯಾಗಿ ಅಲ್ಲ, ವೇಗವಾಗಿ ಆರಿ ಹತ್ತಿ. ಅಗ್ಗದ ಪಾರ್‌ಗಳಲ್ಲಿ ಈ ಆರಿ ಹತ್ತುವ ವೇಗ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಇರಬಹುದು. 400 ಎಂದಿಟ್ಟುಕೊಂಡರೆ 1/100ರಲ್ಲಿ ನಾಲ್ಕು ಸುತ್ತು ಸಿಗುತ್ತದೆ, 1/250ರಲ್ಲಿ ಒಂದೂವರೆ ಚಿಲ್ಲರೆ, ಅಷ್ಟಕ್ಕೇ ಪಟ್ಟೆ ಖಚಿತ. ದೀಪವನ್ನು 20 ಶೇಕಡಾಕ್ಕೆ ಇಳಿಸಿದಷ್ಟೂ ಆರಿರುವ ಹೊತ್ತು ಹೆಚ್ಚಿ ಪಟ್ಟೆ ದಪ್ಪವಾಗುತ್ತದೆ. ಹಾಗಾಗಿ ಲೈಟ್‌ನವರಿಗೆ ಹೇಳಬೇಕಾದ್ದು ‘ಸ್ವಲ್ಪ ಡಿಮ್ ಮಾಡಿ ಅಣ್ಣಾ’ ಎಂದಲ್ಲ. ಮುಂದಿನ ಎರಡು ವಾರ್ಮ್ ವೈಟ್ ಪಾರ್‌ಗಳನ್ನು ಪೂರ್ತಿ 100ಕ್ಕೆ ಇಟ್ಟು, ಹಿಂದಕ್ಕೆ ಸರಿಸಿ, ಬಟರ್ ಪೇಪರ್ ಕಟ್ಟಿಸಿ. ಪೇಪರ್ ದೀಪದ ಬಾಯಿಗೆ ಅಂಟದ ಹಾಗೆ ಒಂದು ಗೇಣು ಮುಂದಿರಲಿ. ಹ್ಯಾಲೊಜನ್ ಆದರೆ ಪೇಪರ್ ಹತ್ತಿರವೂ ಸುಳಿಯಬಾರದು, ಸುಡುತ್ತದೆ. ಈ ಎರಡು ದೀಪ ಇಡೀ ಶೋ ಉರಿಯುತ್ತಿರಬೇಕು. ಇದೊಂದು ಮಾತನ್ನು ಒಪ್ಪಿಸಿಕೊಂಡರೆ ಎಡಿಟ್‌ನ ಅರ್ಧ ತಲೆನೋವು ಇಳಿಯಿತು.

ಜನರೇಟರ್‌ಗೆ ಹೋದಾಗ ಒಂದು ಎಚ್ಚರ. ಹೊರೆ ಕಡಿಮೆಯಿದ್ದಾಗ ಜನರೇಟರ್ 50ಕ್ಕಿಂತ ತುಸು ಮೇಲೆ ಓಡುವುದು ಸಾಮಾನ್ಯ. ಟ್ಯೂಬ್‌ಲೈಟ್, ಹ್ಯಾಲೊಜನ್ ಪಟ್ಟೆಗಳು ಆಗ ನಿಧಾನ ತೆವಳುತ್ತವೆ. ಷಟರನ್ನು ದಶಮಾಂಶದಲ್ಲಿ ತಿರುಗಿಸುವ ಸೌಲಭ್ಯ ಇದ್ದರೆ ಪಟ್ಟೆ ನಿಲ್ಲುವವರೆಗೆ ತಿರುಗಿಸಿ.

ವೈಟ್ ಬ್ಯಾಲೆನ್ಸ್ ಎಲ್ಲ ಕ್ಯಾಮೆರಾದಲ್ಲೂ 5600ಕ್ಕೆ ಬೀಗ. 3200 ಇಟ್ಟರೆ ಕ್ಯಾಮೆರಾ ನೀಲಿ ಚಾನೆಲ್‌ಗೆ ಒತ್ತು ಕೊಡುತ್ತದೆ, ವೇದಿಕೆಯ ನೀಲಿ ಎಲ್‌ಇಡಿ ಇನ್ನೂ ಬೇಗ ಉಕ್ಕಿ ಹರಿಯುತ್ತದೆ. ನೀಲಿ ಉಕ್ಕುವುದರ ಪೂರ್ತಿ ಪರಿಣಾಮ ಆಮೇಲೆ ಗ್ರೇಡಿಂಗ್‌ನಲ್ಲಿ, ಅಂದರೆ ಬಣ್ಣ ತಿದ್ದುವಾಗ ಕಂಡಿತು.

ಜಾಗ

ಬಲಗೈ ಗಿಟಾರಿಸ್ಟ್‌ನ ನೆಕ್ ಪ್ರೇಕ್ಷಕರ ಬಲಕ್ಕೆ ಚಾಚಿರುತ್ತದೆ. ಬಲಬದಿಯ ಸಿ ಕ್ಯಾಮೆರಾಗೆ ಫ್ರೆಟ್ ಮೇಲಿನ ಬೆರಳು ಹತ್ತಿರ, ಎಡಬದಿಯ ಬಿಗೆ ಪಿಕ್ ಹಿಡಿದ ಕೈ ಹತ್ತಿರ. ಅಲ್ಲಿಗೆ ಕೆಲಸ ತಾನೇ ಹಂಚಿಹೋಯಿತು: ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬಿ ಕ್ಯಾಮೆರಾಗೆ, ಸೋಲೋ (ಗಿಟಾರ್ ಒಂದೇ ಮುಂದೆ ಬರುವ ಭಾಗ) ಸಿ ಕ್ಯಾಮೆರಾಗೆ. ಪಾಮ್ ಮ್ಯೂಟ್, ಡೌನ್ ಪಿಕ್ಕಿಂಗ್ ಎಲ್ಲ ಬಲಗೈ ಕಸುಬು. ಫ್ರೆಟ್‌ಬೋರ್ಡನ್ನು ಎಷ್ಟು ಹತ್ತಿರದಿಂದ ತೋರಿಸಿದರೂ ರಿಫ್‌ನ ತೂಕ ಕಾಣುವುದಿಲ್ಲ. ಬಿ ಬಹಳ ಎಡಕ್ಕೆ ಸರಿದರೆ ಮೊಣಕೈ ಅಡ್ಡ ಬರುತ್ತದೆ. ನೇರ ಎದುರಿನಿಂದ ಸುಮಾರು 30 ಡಿಗ್ರಿ, ಸೊಂಟಕ್ಕಿಂತ ಕೆಳಗಿನಿಂದ ಮೇಲಕ್ಕೆ ನೋಡುವಂತೆ ಇದ್ದರೆ ಮುಂಗೈ ಅಡಿಯಿಂದ ಪಿಕ್ ಕಾಣುತ್ತದೆ. ಎಡಗೈ ಗಿಟಾರಿಸ್ಟ್ ಇದ್ದರೆ ಎಲ್ಲ ಉಲ್ಟಾ. ಸೌಂಡ್ ಚೆಕ್‌ನಲ್ಲೇ ನೋಡಿಕೊಳ್ಳಿ.

ಆಟೋಫೋಕಸ್ ಬಂದ್. ತಲೆ ಆಡಿಸುವಾಗ ಕೂದಲು ಮುಖ ಮುಚ್ಚಿದರೆ ಕ್ಯಾಮೆರಾ ಮುಖ ಕಳೆದುಕೊಂಡು ಹಿಂದಿನ ಸಿಂಬಲ್‌ಗೆ ಹಾರುತ್ತದೆ. ಹೊಗೆ ಬಂದರೆ ಮುಂದೆ ಹಿಂದೆ ಹುಡುಕಾಡುತ್ತದೆ. ಫೋಕಸ್ ರಿಂಗ್‌ಗೆ ಬಿಳಿ ಟೇಪ್ ಸುತ್ತಿ ಮೂರು ಗೆರೆ: ಮೈಕ್ ಸ್ಟ್ಯಾಂಡ್, ಗಿಟಾರಿಸ್ಟ್‌ನ ಮಾನಿಟರ್ ಬಾಕ್ಸ್, ಹೈ-ಹ್ಯಾಟ್ (ಡ್ರಮ್ಮರ್‌ನ ಜೋಡಿ ತಾಳ). ಹಾಡುವವನು ಎಲ್ಲಿ ಓಡಿದರೂ ಸಾಲು ಬಂದಾಗ ಮೈಕ್ ಸ್ಟ್ಯಾಂಡ್‌ಗೇ ಮರಳುತ್ತಾನೆ. ಸ್ಟ್ಯಾಂಡ್ ಕೈಯಲ್ಲೇ ಎತ್ತಿಕೊಂಡು ತಿರುಗುವವನಾದರೆ ಫೋಕಸ್ ಹರವು ಹೆಚ್ಚಲೆಂದು ಲೆನ್ಸ್ ಎಫ್ 4ಕ್ಕೆ ಇಳಿಸಿ ದೇವರ ಮೇಲೆ ಭಾರ ಹಾಕುವುದೇ. ಹೊಗೆಯನ್ನು ಹಾಡಿನ ಮಧ್ಯೆ ಬಿಡದೆ ಹಾಡಿನ ನಡುವಿನ ಬಿಡುವಿನಲ್ಲಿ ಬಿಡಲು ಹೇಳಿ. 28 ಮೀಟರ್ ದೂರದ ಎಗೆ ದಟ್ಟ ಹೊಗೆ ಎಂದರೆ ಬಿಳಿ ಗೋಡೆ.

ಟ್ರೈಪಾಡ್ ಮಿಕ್ಸರ್ ಇಟ್ಟ ಹಲಗೆ ಮೇಲೆ ಬೇಡ, ನೆಲದ ಮೇಲೇ ಇರಲಿ. ಹಲಗೆ ಮೇಲೆ ಯಾರೋ ಕಾಲು ಬದಲಿಸಿದರೂ 200 ಎಂಎಂನಲ್ಲಿ ಅದು ಭೂಕಂಪ. ಕಾಲ ನಡುವೆ ಮರಳಿನ ಗೋಣಿ ತೂಗುಬಿಡಿ. ಕ್ಯಾಮೆರಾ ಎತ್ತರ 2 ಮೀಟರ್ ದಾಟಲಿ, ಎತ್ತಿದ ಕೈಗಳ ಮೇಲಿಂದ ಕಾಣಬೇಕು.

ಡ್ರಮ್ ಹಿಂದಿನ ಡಿ ಕ್ಯಾಮೆರಾ ಮೊದಲು ಸಿಂಬಲ್ ಸ್ಟ್ಯಾಂಡಿಗೆ ಕ್ಲ್ಯಾಂಪ್ ಆಗಿತ್ತು. ಸೌಂಡ್ ಚೆಕ್‌ನ ಚಿತ್ರ ಪೂರ್ತಿ ಜೆಲ್ಲಿ: ಸೆನ್ಸರ್ ಸಾಲು ಸಾಲಾಗಿ ಓದುತ್ತಿರುವಾಗಲೇ ಕಂಬಿ ನಡುಗಿದರೆ ಪ್ರತಿ ಸಾಲೂ ಬೇರೆ ಜಾಗದಲ್ಲಿ ಬೀಳುತ್ತದೆ. ಪರಿಹಾರ ಪ್ರತ್ಯೇಕ ಮೈಕ್ ಸ್ಟ್ಯಾಂಡ್, ಅದರ ಕಾಲಡಿ ಫೋಮ್, ಕ್ಲ್ಯಾಂಪ್ ಮತ್ತು ಕಂಬಿ ನಡುವೆ ಎರಡು ಸುತ್ತು ಸೈಕಲ್ ಟ್ಯೂಬ್. ಸ್ಟೆಬಿಲೈಸೇಷನ್ ಆಫ್, ಷಟರ್ 1/100, ಐಎಸ್‌ಒ ಮಿತಿ 1600. ಪೆಡಲ್ ಪಕ್ಕದ ಇಗೆ ಬೆಳಕೇ ಇರುವುದಿಲ್ಲ. ಬ್ಯಾಟರಿಯ ಒಂದು ಸಣ್ಣ ವಿಡಿಯೋ ಲೈಟನ್ನು ಕಿಕ್ ಡ್ರಮ್ ಕಡೆಗೆ ತಿರುಗಿಸಿಡಿ, ಡ್ರಮ್ಮರ್ ಕಣ್ಣಿಗೆ ಬೀಳದ ಹಾಗೆ.

ಸದ್ದು

ಇಲ್ಲಿನ ಸೌಂಡ್‌ನವರ ಕೈ ಪಳಗಿರುವುದು ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ: ಕಂಠ ಮುಂದೆ, ಎಕೋ ಧಾರಾಳ. ಮೇನ್ ಔಟ್‌ನಿಂದ ಸದ್ದು ತೆಗೆದರೆ ಆ ಎಕೋ ಕೂಡ ಬರುತ್ತದೆ, ಆಮೇಲೆ ಬಿಡಿಸಲಾಗದು. ಒಂದು ಆಕ್ಸ್ ಔಟ್ (ಮೇನ್‌ಗಿಂತ ಬೇರೆಯಾಗಿ ಹೊಂದಿಸಬಹುದಾದ ದಾರಿ) ಕೇಳಿ, ಅದಕ್ಕೆ ಎಫೆಕ್ಟ್ ಕಳಿಸಬೇಡಿ ಎನ್ನಿ. ಚಿಕ್ಕ ಹಾಲ್‌ನಲ್ಲಿ ಗಿಟಾರ್ ಆ್ಯಂಪ್ ವೇದಿಕೆ ಮೇಲೇ ಜೋರಾಗಿರುವುದರಿಂದ ಮಿಕ್ಸರ್‌ನಲ್ಲಿ ಗಿಟಾರ್ ಕೊಂಚವೇ ಇರುತ್ತದೆ. ಬೋರ್ಡ್ (ಮಿಕ್ಸರ್) ಸದ್ದನ್ನಷ್ಟೇ ನಂಬಿದರೆ ಕಂಠ, ಕಿಕ್, ನಡುವೆ ಖಾಲಿ. ಅದಕ್ಕೆ ಆಕ್ಸ್‌ನಲ್ಲಿ ಗಿಟಾರ್ ಏರಿಸಿ, ಜೊತೆಗೆ ಹಾಲ್‌ನ ಸದ್ದಿಗೆ ಎರಡು ಕಂಡೆನ್ಸರ್ ಮೈಕ್ ಎ ಕ್ಯಾಮೆರಾ ಪಕ್ಕದಲ್ಲೇ.

ಮಿಕ್ಸರ್ ಎಕ್ಸ್‌ಎಲ್‌ಆರ್ ಔಟ್ ಲೈನ್ ಮಟ್ಟದ್ದು. ರೆಕಾರ್ಡರ್‌ನ ಮೈಕ್ ಇನ್‌ಪುಟ್‌ಗೆ ಸೀದಾ ಚುಚ್ಚಿದರೆ ಗೇನ್ ಸೊನ್ನೆಯಲ್ಲೂ ಒಡೆದೇ ಬರುತ್ತದೆ. ಲೈನ್‌ಗೆ ಬದಲಿಸಿ ಅಥವಾ 20 ಡಿಬಿ ಪ್ಯಾಡ್ ಒತ್ತಿ. ಬೋರ್ಡ್ ಬರುವ ಚಾನೆಲ್‌ಗಳಲ್ಲಿ ಮೈಕ್‌ಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಆಫ್, ಕಂಡೆನ್ಸರ್ ಇರುವ ಚಾನೆಲ್‌ಗಳಲ್ಲಷ್ಟೇ ಆನ್. 50 ಹರ್ಟ್ಜ್ ಗುಂಯ್ ಕೇಳಿದರೆ ಡಿಐ ಬಾಕ್ಸ್ ನಡುವೆ ಹಾಕಿ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್‌ನ ಅರ್ತ್ ಪಿನ್ ಕಿತ್ತು ಗುಂಯ್ ನಿಲ್ಲಿಸುವ ಚಾಳಿ ಪ್ರಾಣಕ್ಕೆ ಸಂಚಕಾರ. ಲೆವೆಲ್ ಸೌಂಡ್ ಚೆಕ್‌ನಲ್ಲಿ ಮೈನಸ್ 18 ಡಿಬಿಗೆ ಮುಟ್ಟಿದರೆ ಸಾಕು. ಜನ ಸೇರಿದ ಮೇಲೆ ಕೂಗು 6 ಡಿಬಿ ಏರುವುದು ಮಾಮೂಲು. ಕ್ಯಾಮೆರಾಗಳ ಸ್ವಂತ ಮೈಕ್‌ನ ಆಟೋ ಲೆವೆಲ್ ಕೂಡ ಆಫ್ ಮಾಡಿ ಬಹಳ ಕೆಳಗಿಡಿ. ಇದನ್ನು ಸಿ ಕ್ಯಾಮೆರಾದಲ್ಲಿ ಮರೆತದ್ದರ ಫಲ ಕೆಳಗಿದೆ.

ಸಿಂಕ್ ರಿಪೇರಿ

ಟೈಮ್‌ಲೈನ್‌ಗೆ ತಂದು ಆಟೋ ಸಿಂಕ್ ಒತ್ತಿದಾಗ ಎ, ಬಿ ಕೂತವು, ಸಿ ಎಲ್ಲೋ ಹೋಯಿತು. ಅದರ ಸದ್ದು ಆಟೋ ಲೆವೆಲ್‌ನಲ್ಲಿ ಒಡೆದು ವೇವ್‌ಫಾರ್ಮ್ ಇಟ್ಟಿಗೆಯಂತೆ ಚಪ್ಪಟೆ. ಹೊಂದಿಸಲು ಏಣುಗಳೇ ಇಲ್ಲ. 2 ಕಿಲೋಹರ್ಟ್ಜ್ ಕೆಳಗಿನದನ್ನೆಲ್ಲ ಕತ್ತರಿಸಿ ಆ ಸದ್ದನ್ನು ಬೇರೆ ಫೈಲ್ ಮಾಡಿದ ಮೇಲೆ ಸ್ನೇರ್, ಹೈ-ಹ್ಯಾಟ್ ಮೊನೆಗಳು ಎದ್ದು ಕಂಡು ಸಿಂಕ್ ಹಿಡಿಯಿತು. ಹಾಗೂ ಹಿಡಿಯದಿದ್ದರೆ ಡ್ರಮ್ಮರ್ ಹಾಡು ಶುರುವಿಗೆ ಕೋಲಿಗೆ ಕೋಲು ಬಡಿಯುವ ನಾಲ್ಕು ಎಣಿಕೆ ಇದೆಯಲ್ಲ, ಅದಕ್ಕಿಂತ ಒಳ್ಳೆ ಕ್ಲ್ಯಾಪ್ ಬೇಡ.

ಆದರೆ ಸರಿಯಾಗಿ ‘ಕೂತ’ ಎ ಕ್ಯಾಮೆರಾವೇ ಸುಳ್ಳು ಹೇಳುತ್ತಿತ್ತು. 28 ಡಿಗ್ರಿ ಸೆಖೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 348 ಮೀಟರ್ ಓಡುತ್ತದೆ. 28 ಮೀಟರ್ ದಾಟಲು 80 ಮಿಲಿಸೆಕೆಂಡ್, 25 ಫ್ರೇಮ್ ಲೆಕ್ಕದಲ್ಲಿ ಸರಿಯಾಗಿ 2 ಫ್ರೇಮ್. ಬೆಳಕಿಗೆ ಆ ತಡವಿಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ದೂರ ನಿಂತು ಮೆಟಾಲಿಕಾ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ಕೋಲು ಮೊದಲು, ಸದ್ದು ಆಮೇಲೆ. ಆಟೋ ಸಿಂಕ್ ಹೊಂದಿಸುವುದು ಸದ್ದಿಗೆ ಸದ್ದನ್ನು. ಎ ಕ್ಯಾಮೆರಾದ ತಡವಾದ ಸದ್ದನ್ನು ಬೋರ್ಡ್ ಸದ್ದಿನ ಮೇಲೆ ಕೂರಿಸಲು ಇಡೀ ಕ್ಲಿಪ್ಪನ್ನು 2 ಫ್ರೇಮ್ ಎಡಕ್ಕೆಳೆದಿದೆ, ಚಿತ್ರವೂ ಜೊತೆಗೇ ಹೋಗಿದೆ. ಪರಿಹಾರ: ಎ ಕ್ಲಿಪ್ಪನ್ನು ಟೈಮ್‌ಲೈನಿನಲ್ಲಿ 2 ಫ್ರೇಮ್ ಬಲಕ್ಕೆ ತಳ್ಳಿ. 14 ಮೀಟರ್‌ಗೆ ಒಂದು ಫ್ರೇಮ್ ಎಂದು ನೆನಪಿಟ್ಟರೆ ಯಾವ ಹಾಲ್‌ಗೂ ಸಾಕು. 50 ಫ್ರೇಮ್‌ನಲ್ಲಿ ತೆಗೆದರೆ 7 ಮೀಟರ್‌ಗೆ ಒಂದು.

ಎರಡು ಫ್ರೇಮ್ ಯಾರಿಗೆ ಕಾಣುತ್ತದೆ ಎನ್ನುವವರು ಇದ್ದಾರೆ. ಟಿವಿ ಪ್ರಸಾರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಅಂದಾಜಿನಲ್ಲಿ ಸದ್ದು 125 ಮಿಲಿಸೆಕೆಂಡ್ ತಡವಾಗುವವರೆಗೂ ನೋಡುಗರಿಗೆ ಗೊತ್ತಾಗುವುದಿಲ್ಲ. ಅದು ವಾರ್ತೆ ಓದುವವರ ತುಟಿಗೆ ಸರಿ. 180 ಬಿಪಿಎಂನಲ್ಲಿ (ನಿಮಿಷಕ್ಕೆ 180 ಬೀಟ್) ಬೀಟಿನ ಕಾಲು ಭಾಗದ ಸ್ವರ ಒಂದಕ್ಕೆ ಸಿಗುವುದು 83 ಮಿಲಿಸೆಕೆಂಡ್. ಅಂದರೆ ಎ ಕ್ಯಾಮೆರಾ ಒಂದು ಪೂರ್ತಿ ಪಿಕ್ ಏಟು ಮುಂದಿತ್ತು. ಇದರಲ್ಲೊಂದು ಮೋಸವಿದೆ: ಒಂದೇ ಸಮ ಟ್ರೆಮೊಲೊ (ಒಂದೇ ಸ್ವರದ ವೇಗದ ಮೀಟು) ಬಾರಿಸುತ್ತಿರುವಾಗ ಒಂದು ಏಟಿನ ತಪ್ಪು ಕಾಣುವುದೇ ಇಲ್ಲ, ಮುಂದಿನ ಏಟಿನ ಮೇಲೆ ಕೂತುಬಿಡುತ್ತದೆ. ಎಲ್ಲರೂ ಒಟ್ಟಿಗೆ ನಿಲ್ಲಿಸುವ ಜಾಗದಲ್ಲಿ ಬಣ್ಣ ಬಯಲು, ಕೈ ನಿಂತ ಮೇಲೂ ಒಂದು ಸದ್ದು. ಸಿಂಕ್ ಪರೀಕ್ಷೆ ಯಾವಾಗಲೂ ನಿಲುಗಡೆಯಲ್ಲಿ, ಡ್ರಮ್ ಬಿಡುವಿಲ್ಲದೆ ವೇಗವಾಗಿ ಬಡಿಯುವ ಬ್ಲಾಸ್ಟ್ ಬೀಟ್‌ನಲ್ಲಲ್ಲ.

ಎರಡನೇ ತೊಂದರೆ ಜಾರಿಕೆ. ಬಿ ಕ್ಯಾಮೆರಾ ಮೊದಲ ಹಾಡಿಗೆ ಸರಿ, ಕೊನೆಯ ಹಾಡಿಗೆ 3 ಫ್ರೇಮ್ ಆಚೆ. ಕ್ಯಾಮೆರಾ ಗಡಿಯಾರ, ರೆಕಾರ್ಡರ್ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. 2880 ಸೆಕೆಂಡಿಗೆ 120 ಮಿಲಿಸೆಕೆಂಡ್ ಎಂದರೆ ಹತ್ತು ಲಕ್ಷಕ್ಕೆ ಸುಮಾರು 42 ಭಾಗ, ಯಂತ್ರದ ದೋಷವೇನಲ್ಲ. ವೇಗವನ್ನು 99.996 ಮಾಡಲು ಹೋದರೆ ಹಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ದಶಮಾಂಶದ ಮುಂದೆ ಎರಡೇ ಅಂಕಿ ಒಪ್ಪಿ 100.00ಕ್ಕೆ ಮರಳುತ್ತವೆ. ಹಾಡಿನ ನಡುವಿನ ಬಿಡುವಿನಲ್ಲಿ ಕತ್ತರಿಸಿ, ಪ್ರತಿ ಹಾಡನ್ನೂ ಅದರದೇ ನಾಲ್ಕು ಎಣಿಕೆಗೆ ಮತ್ತೆ ಕೂರಿಸುವುದೇ ಸರಳ. ಐದು ನಿಮಿಷದ ಹಾಡಿನಲ್ಲಿ ಉಳಿಯುವ ಜಾರಿಕೆ 13 ಮಿಲಿಸೆಕೆಂಡ್, ಫ್ರೇಮಿನ ಮೂರನೇ ಒಂದು ಭಾಗ.

ಆ್ಯಕ್ಷನ್ ಕ್ಯಾಮೆರಾ ಫೈಲ್‌ಗಳು 4 ಜಿಬಿಗೊಮ್ಮೆ ತುಂಡಾಗಿದ್ದವು, ಒತ್ತಿಟ್ಟು ಜೋಡಿಸಿದರೆ ಮುಗಿಯಿತು. ಜನರು ಮೊಬೈಲ್‌ನಲ್ಲಿ ತೆಗೆದದ್ದನ್ನೂ ಸೇರಿಸುವುದಾದರೆ ಮೊದಲು ಸ್ಥಿರ 25 ಫ್ರೇಮ್‌ಗೆ ಪರಿವರ್ತಿಸಿ. ಮೊಬೈಲಿನ ಫ್ರೇಮ್ ರೇಟ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಹಾಗೇ ಹಾಕಿದರೆ ಹಾಡಿನ ಮಧ್ಯೆಯೇ ಜಾರುತ್ತದೆ.

ಹಾಲ್ ಮೈಕ್‌ಗಳ ಸದ್ದಿಗೂ ಅದೇ 80 ಮಿಲಿಸೆಕೆಂಡ್ ಲೆಕ್ಕ. 65 ಮಿಲಿಸೆಕೆಂಡ್ ಮಾತ್ರ ಎಡಕ್ಕೆಳೆದು 15 ಹಾಗೇ ಬಿಟ್ಟರೆ ಹಾಲ್‌ನ ಹರವು ಉಳಿಯುತ್ತದೆ. ಅವುಗಳಲ್ಲಿ 150 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ, ಕಿಕ್‌ನ ಹೊಟ್ಟೆ ಬೋರ್ಡ್‌ನಿಂದಲೇ ಬರಲಿ.

ಕಟ್

180 ಬಿಪಿಎಂನಲ್ಲಿ ಒಂದು ಬೀಟ್ 8.33 ಫ್ರೇಮ್, ನಾಲ್ಕು ಬೀಟಿನ ಒಂದು ಬಾರ್ 33.33. ಪ್ರತಿ ಬಾರ್‌ಗೆ 33 ಎಂದು ಎಣಿಸುತ್ತ ಹೋದರೆ 12 ಬಾರ್‌ಗೆ 4 ಫ್ರೇಮ್ ಹಿಂದೆ ಬೀಳುತ್ತೀರಿ. 33, 67, 100, ಹೀಗೆ ಮೂರು ಬಾರ್‌ಗೊಮ್ಮೆ ಸರಿಹೋಗುತ್ತದೆ. ಬ್ಯಾಂಡ್ ಕಿವಿಯಲ್ಲಿ ತಾಳದ ಕ್ಲಿಕ್ ಇಲ್ಲದೆ ಬಾರಿಸಿದ್ದರೆ ಈ ಲೆಕ್ಕವೂ ಬೇಡ, ಸ್ನೇರ್ ಮೊನೆ ನೋಡಿ ಮಾರ್ಕರ್ ಇಡಿ. ಕಟ್ ಬೀಟಿನ ಮೇಲೇ ಇಟ್ಟರೆ ತಡವಾದಂತೆ ಕಾಣುತ್ತದೆ, ಹೊಸ ಚಿತ್ರ ಅರ್ಥವಾಗಲು ಕಣ್ಣಿಗೆ ಒಂದು ಕ್ಷಣ ಬೇಕು. ಒಂದೆರಡು ಫ್ರೇಮ್ ಮೊದಲೇ ಇಡಿ.

ಹಾಡು ವೇಗವಾದಷ್ಟೂ ಕಟ್ ವೇಗವಾಗಬೇಕೆಂಬುದು ಈ ಕೆಲಸದ ದೊಡ್ಡ ಮೂಢನಂಬಿಕೆ. ಬ್ಲಾಸ್ಟ್ ಬೀಟ್‌ನಲ್ಲಿ ಬೀಟಿಗೊಂದು ಕಟ್ ಇಟ್ಟರೆ ಯಾರು ಏನು ಬಾರಿಸಿದರು ಎಂಬುದೇ ತಿಳಿಯುವುದಿಲ್ಲ. ಸರಿಯಾಗಿ ಬಾರಿಸದ ಬ್ಯಾಂಡನ್ನು ಮುಚ್ಚಿಡಲು ಅದು ಒಳ್ಳೆ ಉಪಾಯ, ಅಷ್ಟೆ. ಅಲ್ಲಿ ಡಿ ಕ್ಯಾಮೆರಾ ನಾಲ್ಕು ಬಾರ್ ನಿಲ್ಲಲಿ. ಕಟ್‌ಗಳನ್ನು ಬ್ರೇಕ್‌ಡೌನ್‌ಗೆ (ಹಾಡು ನಿಧಾನವಾಗುವ ಭಾರದ ಭಾಗ) ಉಳಿಸಿಕೊಳ್ಳಿ: ನಿಧಾನದ ಏಟು, ಏಟಿಗೊಂದು ಕೋನ, ತಲೆ ಕೆಳಗಿಳಿಯುವಾಗಲೇ ಕಟ್. ಸೋಲೋಗೆ ಸಿ ಕ್ಯಾಮೆರಾ ಎಂಟು ಬಾರ್, 10.7 ಸೆಕೆಂಡ್, ಮುಟ್ಟಬೇಡಿ. ಡ್ರಮ್ ಫಿಲ್‌ಗೆ ಒಂದು ಬೀಟ್ ಮೊದಲೇ ಡಿಗೆ ಹೋದರೆ ಕೈ ಏಳುವುದೂ ಸಿಗುತ್ತದೆ.

ಪೆಡಲ್ ಕ್ಯಾಮೆರಾ ಇ ಮಾತ್ರ ಚಿಟಿಕೆಯಷ್ಟು. 200 ಬಿಪಿಎಂ ಡಬಲ್ ಕಿಕ್ ಸೆಕೆಂಡಿಗೆ 13.3 ಏಟು, ಒಂದೊಂದಕ್ಕೆ ಎರಡು ಫ್ರೇಮ್ ಕೂಡ ಇಲ್ಲ. ಎರಡು ಸೆಕೆಂಡ್ ಮೀರಿ ತೋರಿಸಿದರೆ ಸಿಂಕ್ ಸರಿಯಿದ್ದರೂ ಕಾಲು ತಾಳ ತಪ್ಪಿದಂತೆ ಕಾಣುತ್ತದೆ. ಎಲ್ಲ ಕ್ಯಾಮೆರಾಗೂ 50 ಫ್ರೇಮ್ ಸಾಧ್ಯವಿದ್ದರೆ ಅಲ್ಲಿಗೇ ಹೋಗುವುದು ವಾಸಿ.

ನೀಲಿ, ಸ್ಟ್ರೋಬ್

ಮೂರನೇ ಹಾಡು ಪೂರ್ತಿ ನೀಲಿ. ಹಾಡುವವನ ಮುಖ ಮೇಣದ ಮುದ್ದೆಯಂತೆ, ಮೂಗು ಬಾಯಿ ಇಲ್ಲ. ಚಿತ್ರೀಕರಣದ ಹೊತ್ತಿನಲ್ಲಿ ಜೀಬ್ರಾ (ಬೆಳಕು ಹೆಚ್ಚಾದ ಕಡೆ ಕ್ಯಾಮೆರಾ ಪರದೆಯಲ್ಲಿ ಮೂಡುವ ಗೆರೆ) ಏನೂ ತೋರಿಸಿರಲಿಲ್ಲ, ಏಕೆಂದರೆ ಅದು ಅಳೆಯುವುದು ಒಟ್ಟು ಹೊಳಪು, ಅದರಲ್ಲಿ ನೀಲಿಯ ಪಾಲು ಸುಮಾರು 7 ಶೇಕಡಾ. ನೀಲಿ ಚಾನೆಲ್ ತುಂಬಿ ಒಡೆದಿದ್ದರೂ ಮೀಟರ್ ‘ಕತ್ತಲು’ ಎನ್ನುತ್ತದೆ. ಶುದ್ಧ ನೀಲಿ, ಕೆಂಪು ಬಂದಾಗ ಪ್ರತಿ ಬಣ್ಣದ ಮಟ್ಟವನ್ನು ಬೇರೆಬೇರೆ ತೋರಿಸುವ ಪೆರೇಡ್ ಇರುವ ಮಾನಿಟರ್ ಬೇಕು, ಇಲ್ಲದಿದ್ದರೆ ಕಣ್ಣುಮುಚ್ಚಿ ಒಂದು ಸ್ಟಾಪ್ ಇಳಿಸಿ.

ಒಡೆದ ನೀಲಿ ಮರಳಿ ಬರುವುದಿಲ್ಲ, ಆದರೆ ಹಸಿರು ಚಾನೆಲ್‌ನಲ್ಲಿ ಮುಖದ ವಿವರ ಉಳಿದಿರುತ್ತದೆ. ಚಾನೆಲ್ ಮಿಕ್ಸರ್‌ನಲ್ಲಿ ನೀಲಿಗೆ ಹಸಿರನ್ನು 60 ಶೇಕಡಾ ಬೆರೆಸಿ, ನೀಲಿಯ ಸ್ಯಾಚುರೇಷನ್ ಇಳಿಸಿದಾಗ ಮೂಗು ಬಾಯಿ ಕಂಡವು. ಹತ್ತಿರದ ಎರಡು ಶಾಟ್‌ಗಳಿಗೆ ಅದೂ ಸಾಲದೆ ಹಸಿರು ಚಾನೆಲ್ ಒಂದರಿಂದಲೇ ಕಪ್ಪುಬಿಳುಪು ಮಾಡಬೇಕಾಯಿತು. ಮೆಟಲ್‌ಗೆ ಅದು ಒಗ್ಗುತ್ತದೆ, ನಾಮಕರಣದ ವಿಡಿಯೋಗೆ ಒಗ್ಗದು.

ಸ್ಟ್ರೋಬ್ ಹೊಡೆದಾಗ ಕೆಲವು ಫ್ರೇಮ್ ಅರ್ಧ ಬಿಳಿ, ಅರ್ಧ ಕಪ್ಪು: ಸೆನ್ಸರ್ ಓದು ನಡುವಿನಲ್ಲಿರುವಾಗ ಮಿಂಚು ಬಂದು ಹೋಗಿದೆ. ಒಂದೇ ಫ್ರೇಮ್ ಆದರೆ ಪಕ್ಕದ ಫ್ರೇಮ್ ನಕಲು ಮಾಡಿ ಮುಚ್ಚಿ. ಮೂರಕ್ಕಿಂತ ಹೆಚ್ಚಾದರೆ ಬೇರೆ ಕ್ಯಾಮೆರಾಗೆ ಹೋಗಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಮೂರ್ಛೆರೋಗ ಇರುವ ಕೆಲವರಿಗೆ ಅಪಾಯ. ಅಂಥ ಭಾಗ ಚಿಕ್ಕದಾಗಿಸಿ, ವಿಡಿಯೋ ಮೊದಲಿಗೇ ಎಚ್ಚರಿಕೆ ಹಾಕಿ. ಪಟ್ಟೆ ಬಂದ ಶಾಟ್‌ಗೆ ಅದೇ ಕ್ಲಿಪ್ಪನ್ನು ಒಂದು ಫ್ರೇಮ್ ಸರಿಸಿ 50 ಶೇಕಡಾ ಪಾರದರ್ಶಕವಾಗಿ ಮೇಲಿಡುವ ಉಪಾಯ ದೂರದ ಶಾಟ್‌ಗೆ ನಡೆಯುತ್ತದೆ. ಕೈ ಹತ್ತಿರವಿದ್ದರೆ ಹನ್ನೊಂದು ಬೆರಳು ಕಾಣುತ್ತವೆ.

ಯೂಟ್ಯೂಬ್‌ಗೆ 2160ರಲ್ಲೇ (4ಕೆ), ಸೆಕೆಂಡಿಗೆ 45 ಮೆಗಾಬಿಟ್‌ನಲ್ಲಿ ಕೊಡಿ. ಎ ಬಿಟ್ಟು ಉಳಿದವು 1080 ಆದರೂ ಸರಿ, ಏಕೆಂದರೆ ಹೊಗೆ ಮತ್ತು ಮಿಂಚು ಕಡಿಮೆ ಬಿಟ್‌ರೇಟ್‌ನಲ್ಲಿ ಚೌಕಚೌಕವಾಗಿ ಒಡೆಯುತ್ತವೆ. ಸದ್ದು ಮೈನಸ್ 14 ಲಫ್ಸ್ (ಸರಾಸರಿ ಜೋರಿನ ಅಳತೆ), ಶಿಖರ ಮೈನಸ್ 1 ಡಿಬಿ. ಅದಕ್ಕಿಂತ ಜೋರಾಗಿ ಕೊಟ್ಟರೂ ಯೂಟ್ಯೂಬ್ ಇಳಿಸುತ್ತದೆ, ಹಿಂಡಿದ ಸ್ನೇರ್ ಮಾತ್ರ ಹಿಂಡಿದಂತೇ ಉಳಿಯುತ್ತದೆ.

ಪ್ರಾಜೆಕ್ಟ್ ಮುಚ್ಚುವ ಮೊದಲು ಎ ಕ್ಯಾಮೆರಾದ ಟ್ರ್ಯಾಕ್ ಹೆಸರಿಗೆ ‘+2 ಆಗಿದೆ’ ಎಂದು ಬರೆದಿಡಿ. ಇಲ್ಲದಿದ್ದರೆ ಮುಂದಿನ ತಿಂಗಳು ಒಂದು ಹಾಡನ್ನು ಬಿಡಿಯಾಗಿ ತೆಗೆಯಲು ಕೂತವರು ಅದನ್ನು ಇನ್ನೊಮ್ಮೆ ತಳ್ಳುತ್ತಾರೆ.